ತಂಗಿ ಇರುವುದು ಹೈಫಾದಲ್ಲಿ, ಮೊಬೈಲ್ ನಕ್ಷೆ ತೋರಿಸುವುದು ಬೈರೂತ್: ಯುದ್ಧದ ಊರಿನಲ್ಲಿ ಇದನ್ನು ಎಷ್ಟು ನಂಬಬಹುದು?

ಕೋಡಿಬಾಗ_ಕಿರಾಣಿ (ಪ್ರಶ್ನೆ)

ಕಾರವಾರದ ಕೋಡಿಬಾಗದಲ್ಲಿ ನನ್ನದೊಂದು ಕಿರಾಣಿ ಅಂಗಡಿ ಇದೆ. ಮೊಬೈಲಿನ ಬಗ್ಗೆ ನನ್ನ ತಿಳಿವಳಿಕೆ ಎಂದರೆ ಗಿರಾಕಿಯ ಹಣ ಬಂದಿತೋ ಇಲ್ಲವೋ ಎಂದು ನೋಡುವಷ್ಟು. ಪ್ರಶ್ನೆ ಬಾಲಿಶ ಎನಿಸಿದರೆ ಬೈಯದೆ ಉತ್ತರಿಸಿ.

ನನ್ನ ತಂಗಿ ಏಳು ವರ್ಷದಿಂದ ಇಸ್ರೇಲಿನ ಹೈಫಾದಲ್ಲಿದ್ದಾಳೆ. ವಯಸ್ಸಾದವರನ್ನು ನೋಡಿಕೊಳ್ಳುವ ಕೆಲಸ. 2024ರಲ್ಲಿ ಒಂದು ದಿನ ಫೋನ್ ಮಾಡಿ, "ಅಣ್ಣಾ, ನಾನು ಅಡುಗೆ ಕೋಣೆಯಲ್ಲಿ ನಿಂತಿದ್ದೇನೆ, ಮೊಬೈಲ್ ಮಾತ್ರ ಬೈರೂತ್ ವಿಮಾನ ನಿಲ್ದಾಣದಲ್ಲಿದ್ದೀಯ ಎನ್ನುತ್ತಿದೆ" ಎಂದು ನಕ್ಕಳು. ನಾನೂ ನಕ್ಕೆ. ಬೈರೂತ್ ಇರುವುದು ಲೆಬನಾನಿನಲ್ಲಿ, ರಾಕೆಟ್ ಬರುತ್ತಿರುವುದೂ ಅಲ್ಲಿಂದಲೇ ಎಂಬುದು ಫೋನಿಟ್ಟ ಮೇಲೆ ಹೊಳೆಯಿತು. ಶತ್ರುವಿನ ರಾಕೆಟ್ ಮತ್ತು ಡ್ರೋನ್ ದಾರಿ ತಪ್ಪಲಿ ಎಂದು ಅಲ್ಲಿನ ಸೈನ್ಯವೇ ಉಪಗ್ರಹದ ಸಂಕೇತವನ್ನು ಕೆಡಿಸುತ್ತಿತ್ತಂತೆ. ಜನರ ಮೊಬೈಲುಗಳೂ ಅದರ ಜೊತೆ ದಾರಿ ತಪ್ಪಿದವು. ಸೈರನ್ ಆಪ್ ನಾವಿರುವ ಜಾಗ ನೋಡಿ ಎಚ್ಚರಿಸುವಂಥದ್ದು. ಜಾಗವೇ ತಪ್ಪಾದರೆ ಎಚ್ಚರಿಕೆ ಯಾರಿಗೆ? ನಿಮ್ಮ ಪ್ರದೇಶವನ್ನು ಕೈಯಿಂದಲೇ ಆರಿಸಿಡಿ ಎಂದು ಅಲ್ಲಿನ ನಾಗರಿಕ ರಕ್ಷಣಾ ವಿಭಾಗ ಹೇಳಿತಂತೆ. ಅವಳು ಹಾಗೆಯೇ ಮಾಡಿದ್ದಾಳೆ.

2025ರ ಜೂನ್‌ನಲ್ಲಿ ಇರಾನಿನ ಕ್ಷಿಪಣಿಗಳು ಹೈಫಾಕ್ಕೇ ಬಿದ್ದ ಮೇಲೆ ನಗು ನಿಂತಿದೆ. ಅವಳು ನೋಡಿಕೊಳ್ಳುವ ಅಜ್ಜಿಗೆ 91 ವರ್ಷ. ಹಳೆಯ ಕಟ್ಟಡ, ಮನೆಯೊಳಗೆ ಭದ್ರ ಕೋಣೆ ಇಲ್ಲ. ಸಾರ್ವಜನಿಕ ಆಶ್ರಯ ತಾಣ ನಕ್ಷೆಯ ಪ್ರಕಾರ ನಾಲ್ಕು ನಿಮಿಷದ ನಡಿಗೆ. ಇರಾನಿನಿಂದ ಬರುವುದಕ್ಕಾದರೆ ಮುಂಚಿತವಾಗಿ ಒಂದು ಸೂಚನೆ ಬರುತ್ತದೆ. ಲೆಬನಾನಿನಿಂದ ಬಂದರೆ ಸೈರನ್ ಕೊಡುವುದು ಒಂದೇ ನಿಮಿಷ. ಗಾಲಿಕುರ್ಚಿಯ ಲೆಕ್ಕ ಯಾವ ನಕ್ಷೆಯಲ್ಲಿಯೂ ಇಲ್ಲ.

ಇಷ್ಟೆಲ್ಲ ತಲೆಗೆ ಹತ್ತಲು ಇಲ್ಲಿಯದೇ ಇನ್ನೊಂದು ಕಾರಣವೂ ಇದೆ. 2025ರ ಮೇ 7ರ ನಾಗರಿಕ ರಕ್ಷಣೆಯ ಅಣಕು ಕವಾಯತಿಗೆ ನಮ್ಮ ರಾಜ್ಯದಿಂದ ಆರಿಸಿದ ಊರುಗಳಲ್ಲಿ ಬೆಂಗಳೂರು, ರಾಯಚೂರಿನ ಜೊತೆ ಕಾರವಾರವೂ ಇತ್ತು. ಪಕ್ಕದಲ್ಲಿ ಕದಂಬ ನೌಕಾನೆಲೆ, ಹಿಂದೆ ಕೈಗಾ ಅಣುವಿದ್ಯುತ್ ಸ್ಥಾವರ, ಇರದೆ ಇರುತ್ತದೆಯೇ? ಆ ವಾರ ಅಂಗಡಿಗೆ ಬಂದವರೆಲ್ಲ ಊರು ಬಿಡಿ ಎಂದರೆ ಎಲ್ಲಿಗೆ ಹೋಗುವುದು ಎಂಬುದನ್ನೇ ಮಾತಾಡಿದರು. "ಮೊಬೈಲಿನಲ್ಲಿ ನಕ್ಷೆ ಇದೆಯಲ್ಲ" ಎಂದ ನನ್ನ ಮಗ. ಕೋಡಿಬಾಗದವರ ಎದುರು ಈ ಮಾತು ಆಡಬಾರದು. 2024ರ ಆಗಸ್ಟ್ 7ರ ರಾತ್ರಿ ಒಂದು ಗಂಟೆಯ ಸುಮಾರಿಗೆ ಕಾಳಿ ನದಿಯ ಹಳೆಯ ಸೇತುವೆ ಕುಸಿದು ಲಾರಿಯೊಂದು ನೀರಿಗೆ ಬಿತ್ತು. ಪುಣ್ಯಕ್ಕೆ ಚಾಲಕ ಬದುಕಿದ. ನೀರಿನಲ್ಲಿ ಕಂಬ ಮಾತ್ರ ಉಳಿದಿದ್ದ ಆ ಹೊತ್ತಿನಲ್ಲಿ ಎಲ್ಲರ ಮೊಬೈಲಿನಲ್ಲಿಯೂ ಸೇತುವೆ ನೆಟ್ಟಗೆ ನಿಂತೇ ಇತ್ತು.

ಯುದ್ಧದಲ್ಲಿ ಸಿಕ್ಕಿಕೊಂಡು ನಿಜವಾಗಿ ಇದನ್ನು ಬಳಸಿದವರು ಇಲ್ಲಿ ಯಾರಾದರೂ ಇದ್ದೀರಾ? ತಂಗಿಗೆ ಏನು ಹೇಳಲಿ? ಅವಳು ಇರುವ ಜಾಗವನ್ನು ದಿನವಿಡೀ ನನಗೆ ಕಳುಹಿಸುತ್ತಿರು ಎನ್ನಲೇ?

ಅಂಕೋಲೆ_ಟೆಂಪೊ

ಅಣ್ಣ, ಇಷ್ಟು ಗಾಬರಿ ಬೇಡ. ನಕ್ಷೆಯನ್ನು ಮೊದಲೇ ಇಳಿಸಿಟ್ಟುಕೊಂಡರೆ ಇಂಟರ್ನೆಟ್ ಇಲ್ಲದಿದ್ದರೂ ನಡೆಯುತ್ತದೆ. ಉಪಗ್ರಹದ ಸಂಕೇತಕ್ಕೆ ಸಿಮ್ ಕಾರ್ಡೂ ಬೇಡ, ರೀಚಾರ್ಜೂ ಬೇಡ. ಇದು ಬಹಳ ಜನರಿಗೆ ಗೊತ್ತಿಲ್ಲ. ನೆಟ್‌ವರ್ಕ್ ಹೋದರೆ ನಕ್ಷೆಯೂ ಹೋಯಿತು ಎಂದುಕೊಳ್ಳುತ್ತಾರೆ. ಓಪನ್‌ಸ್ಟ್ರೀಟ್‌ಮ್ಯಾಪ್ (ಜನರೇ ಸೇರಿ ಬರೆಯುವ ನಕ್ಷೆ) ಆಧಾರದ ಆಪ್‌ಗಳಲ್ಲಿ ಕಾಲುದಾರಿಯೂ ಇರುತ್ತದೆ.

2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಮುಚ್ಚಿದಾಗ ನಾನು ಹಾಗೆಯೇ ಒಳದಾರಿ ಹುಡುಕಿಕೊಂಡು ಓಡಾಡಿದೆ. ಒಂದು ಸಲ ಮಾತ್ರ ಕಾಡಿನ ನಡುವೆ ಟೆಂಪೊ ಸಿಕ್ಕಿಬಿದ್ದಿತು. ಅಲ್ಲಿ ರಸ್ತೆ ಎಂದು ತೋರಿಸಿದ್ದು ದನ ಹೋಗುವ ದಾರಿ. ಎರಡು ತಾಸು ಹಿಂದಕ್ಕೆ ಹಿಂದಕ್ಕೆ ಓಡಿಸಿದೆ. ಅದು ಬಿಟ್ಟರೆ ತೊಂದರೆ ಆಗಲಿಲ್ಲ.

ಶಿರಸಿ_ಕೂಸು

ಟೆಂಪೊ ಅಣ್ಣ ಹೇಳಿದ್ದು ಅರ್ಧ ಸರಿ. ಉಳಿದರ್ಧವನ್ನು ನಾನು ನಡೆದು ಕಲಿತಿದ್ದೇನೆ. ಉದ್ದವಾಗುತ್ತದೆ, ಕ್ಷಮಿಸಿ.

2022ರ ಫೆಬ್ರವರಿಯಲ್ಲಿ ನಾನು ಉಕ್ರೇನಿನ ಖಾರ್ಕಿವ್‌ನಲ್ಲಿ ವೈದ್ಯಕೀಯ ಮೂರನೆಯ ವರ್ಷ ಓದುತ್ತಿದ್ದೆ. ಮನೆ ಶಿರಸಿ ತಾಲೂಕಿನ ವಾನಳ್ಳಿಯ ಕಡೆ, ಅಪ್ಪಯ್ಯನದು ಅಡಿಕೆ ತೋಟ. 24ರ ಬೆಳಗಿನ ಜಾವ ಐದರ ಹೊತ್ತಿಗೆ ಹಾಸ್ಟೆಲಿನ ಕಿಟಕಿ ಗದಗದ ನಡುಗಿತು. ರಷ್ಯಾದ ಗಡಿ ಅಲ್ಲಿಂದ ಸುಮಾರು 40 ಕಿಲೋಮೀಟರ್. ಶಿರಸಿಯಿಂದ ಸಿದ್ದಾಪುರಕ್ಕೆ ಹೋದಷ್ಟು ದೂರ.

ಆರು ದಿನ ಮೆಟ್ರೊ ನಿಲ್ದಾಣದಲ್ಲಿದ್ದೆವು. ಅಷ್ಟು ಆಳಕ್ಕೆ ಉಪಗ್ರಹದ ಸಂಕೇತ ಇಳಿಯುವುದಿಲ್ಲ. ಮೊಬೈಲಿನ ನೀಲಿ ಚುಕ್ಕೆ ನಾವು ಮೆಟ್ಟಿಲಿಳಿದ ಬಾಗಿಲಿನಲ್ಲಿಯೇ ನಿಂತುಬಿಟ್ಟಿತ್ತು. ನೀರಿಗೆಂದು ಮೇಲೆ ಬಂದರೆ ಆ ಚುಕ್ಕೆ ಕಟ್ಟಡದಿಂದ ಕಟ್ಟಡಕ್ಕೆ ಕುಪ್ಪಳಿಸುತ್ತಿತ್ತು. ಏಕೆಂದು ಆಮೇಲೆ ಓದಿ ತಿಳಿದೆ. ಯಾವ ಉಪಗ್ರಹ ಆಕಾಶದಲ್ಲಿ ಎಲ್ಲಿದೆ ಎಂಬ ವಿವರವನ್ನು ಮೊಬೈಲಿಗೆ ನೆಟ್‌ವರ್ಕ್ ಬೇಗ ತಂದುಕೊಡುತ್ತದೆ. ನೆಟ್‌ವರ್ಕ್ ಕುಂಟಿದರೆ ಮೊಬೈಲ್ ಉಪಗ್ರಹದಿಂದಲೇ ಅದನ್ನು ಕೇಳಿ ಬರೆದುಕೊಳ್ಳಬೇಕು. ಎಲ್ಲ ಉಪಗ್ರಹಗಳ ಪೂರ್ತಿ ಪಟ್ಟಿ ಬರಲು ಹನ್ನೆರಡೂವರೆ ನಿಮಿಷ. ಅಣ್ಣ, ಸಿಮ್ ಬೇಡ ಎನ್ನುವುದು ನಿಜ. ಆದರೆ ಷೆಲ್ ಬೀಳುವ ಬೀದಿಯಲ್ಲಿ ಮೊಬೈಲನ್ನು ಆಕಾಶಕ್ಕೆ ಹಿಡಿದು ನಿಲ್ಲುವವರು ಯಾರು?

ಮಾರ್ಚ್ 1ರ ಬೆಳಿಗ್ಗೆ ನಗರದ ನಡುವಿನ ಸ್ವಾತಂತ್ರ್ಯ ಚೌಕಕ್ಕೆ ಕ್ಷಿಪಣಿ ಬಿತ್ತು. ಅದೇ ದಿನ ನಮ್ಮ ಪಕ್ಕದ ಹಾವೇರಿ ಜಿಲ್ಲೆಯ ಹುಡುಗ ದಿನಸಿಗೆ ಸರದಿಯಲ್ಲಿ ನಿಂತಿದ್ದಾಗ ಸತ್ತ ಸುದ್ದಿ ಬಂತು. ಅಂದು ಸಂಜೆ ನಮ್ಮ ಗುಂಪಿನಲ್ಲಿ ಯಾರೋ ಅಭ್ಯಾಸಬಲದಿಂದ ಹತ್ತಿರದ ಅಂಗಡಿ ಯಾವುದು ಎಂದು ಮೊಬೈಲಿನಲ್ಲಿ ನೋಡಿದಳು. ಬೀದಿಯ ಅಂಗಡಿಗಳೆಲ್ಲ ತೆರೆದಿವೆ ಎಂದು ತೋರಿಸಿತು, ರಾತ್ರಿ ಹತ್ತರವರೆಗೆ. ಅವಳು ಏನೂ ಮಾತಾಡದೆ ಮೊಬೈಲನ್ನು ಮಗುಚಿಟ್ಟಳು.

2ರಂದು ಬೆಳಿಗ್ಗೆ ರೈಲು ನಿಲ್ದಾಣಕ್ಕೆ ನಡೆದೆವು. ರೈಲು ಹತ್ತಲು ಆಗಲಿಲ್ಲ. ಆ ನೂಕುನುಗ್ಗಲನ್ನು ವರ್ಣಿಸುವ ಇಷ್ಟ ನನಗಿಲ್ಲ. ಮಧ್ಯಾಹ್ನ ನಮ್ಮ ರಾಯಭಾರ ಕಚೇರಿಯ ಸೂಚನೆ ಬಂತು: ಖಾರ್ಕಿವ್ ಬಿಡಿ, ವಾಹನ ಸಿಗದಿದ್ದರೆ ನಡೆದಾದರೂ ಹೋಗಿ, ಸಂಜೆ ಆರರೊಳಗೆ ಪೆಸೊಚಿನ್, ಬಾಬಾಯೆ, ಬೆಜ್ಲ್ಯುಡೊವ್ಕಾ ಇವುಗಳಲ್ಲಿ ಒಂದನ್ನು ತಲುಪಿ. ನಿಲ್ದಾಣದಿಂದ ಕ್ರಮವಾಗಿ 11, 12, 16 ಕಿಲೋಮೀಟರ್.

ನಾವು ಆರಿಸಿದ್ದು ಪೆಸೊಚಿನ್. ನಾಲ್ವರ ಮೊಬೈಲಿನಲ್ಲಿ ಹುಡುಕಿದೆವು. ಒಬ್ಬಳಿಗೆ ಊರೇ ಸಿಗಲಿಲ್ಲ, ಇನ್ನೊಬ್ಬಳಿಗೆ ರಷ್ಯಾದ ಯಾವುದೋ ಮೂಲೆಯ ಊರು ಸಿಕ್ಕಿತು. ಹತ್ತು ನಿಮಿಷ ಹಾಳಾಯಿತು. ಪೆಸೊಚಿನ್ ಎಂಬುದು ರಷ್ಯನ್ ಉಚ್ಚಾರ, ಉಕ್ರೇನಿನವರಿಗೆ ಅದು ಪಿಸೊಚಿನ್. ಖಾರ್ಕೊವ್ ಎಂದರೂ ಖಾರ್ಕಿವ್ ಎಂದರೂ ಒಂದೇ ಊರು ಎಂದು ಗೊತ್ತಿದ್ದ ನಮಗೆ ಅಷ್ಟು ಚಿಕ್ಕ ಊರಿನ ಹೆಸರಿನಲ್ಲಿ ಆ ಲೆಕ್ಕ ಹೊಳೆಯಲಿಲ್ಲ. ಕೊನೆಗೆ ಪಕ್ಕದಲ್ಲಿದ್ದ ರೈಲ್ವೆ ನೌಕರನ ಕೈಗೆ ಪೆನ್ನು ಕೊಟ್ಟೆ. ಅವನು ನನ್ನ ಫಾರ್ಮಕಾಲಜಿ ಟಿಪ್ಪಣಿಯ ಹಾಳೆಯ ಹಿಂದೆ ಅವನ ಲಿಪಿಯಲ್ಲಿ ಊರಿನ ಹೆಸರು ಬರೆದ. ದಾರಿಯನ್ನು ಅದರ ಕೆಳಗೆ ನಾನು ಕನ್ನಡದಲ್ಲಿ ಬರೆದುಕೊಂಡೆ: ಹಳಿಯ ಪಕ್ಕ, ದೊಡ್ಡ ರಸ್ತೆ, ಮೇಲ್ಸೇತುವೆ, ಪೆಟ್ರೋಲ್ ಬಂಕ್, ಬಲಕ್ಕೆ. ಆ ಹಾಳೆ ಈಗಲೂ ಇದೆ. ಒಂದು ಬದಿಯಲ್ಲಿ ರಕ್ತದೊತ್ತಡದ ಮಾತ್ರೆಗಳ ವರ್ಗೀಕರಣ, ಇನ್ನೊಂದು ಬದಿಯಲ್ಲಿ ಅದು.

ಹೊರಟಾಗ ನನ್ನ ಮೊಬೈಲಿನಲ್ಲಿ ಚಾರ್ಜ್ 31 ಇತ್ತು. ಚಳಿಗೆ ಬ್ಯಾಟರಿ ಎಷ್ಟು ಬೇಗ ಸಾಯುತ್ತದೆ ಎಂಬುದು ನಮ್ಮ ಕಡೆಯವರಿಗೆ ಹೇಳಿದರೂ ಅರ್ಥವಾಗದು. ಹಿಮ ಬೀಳುತ್ತಿತ್ತು. ಕೈಯಲ್ಲಿ ಹಿಡಿದು ನಾಲ್ಕು ಹೆಜ್ಜೆ ನಡೆದರೆ ಒಂದು ಅಂಕಿ ಇಳಿಯುತ್ತಿತ್ತು. ಒಳ ಅಂಗಿಯೊಳಗೆ, ಮೈಗೆ ತಾಗಿಸಿ ಇಟ್ಟುಕೊಂಡೆವು. ಒಂದು ಸಮಯಕ್ಕೆ ಒಬ್ಬಳ ಮೊಬೈಲ್ ಮಾತ್ರ ಚಾಲೂ, ಉಳಿದ ಮೂರು ಬಂದ್. ಈ ನಿಯಮ ಮಾಡಿದ್ದು ಧಾರವಾಡದ ಒಬ್ಬ ಹುಡುಗಿ, ಗಣಿತದ ಮೇಷ್ಟ್ರ ಮಗಳು. ಅವಳಿಲ್ಲದಿದ್ದರೆ ನಾಲ್ಕೂ ಒಟ್ಟಿಗೇ ಸಾಯುತ್ತಿದ್ದವು, ಮೊಬೈಲುಗಳು ಎಂದೆ.

ನಾನು ಇಳಿಸಿಟ್ಟುಕೊಂಡಿದ್ದ ನಕ್ಷೆ ಇಂಟರ್ನೆಟ್ ಇಲ್ಲದಾಗ ಕಾರಿನ ದಾರಿಯನ್ನಷ್ಟೇ ಹೇಳುತ್ತಿತ್ತು, ಕಾಲ್ನಡಿಗೆಯದನ್ನಲ್ಲ. ರಸ್ತೆ ಫಲಕ ನೋಡೋಣ ಎಂದರೆ ಒಂದಕ್ಕೆ ಕಪ್ಪು ಬಣ್ಣ ಬಳಿದಿದ್ದರು, ಮುಂದಿನದನ್ನು ಕಿತ್ತೇ ಹಾಕಿದ್ದರು. ರಷ್ಯಾದ ಸೈನಿಕರಿಗೆ ದಾರಿ ತಿಳಿಯದಿರಲಿ ಎಂದು ಅಲ್ಲಿನ ರಸ್ತೆ ಇಲಾಖೆಯೇ ಫೆಬ್ರವರಿ 26ರಂದು ಜನರಿಗೆ ಫಲಕ ತೆಗೆಯಿರಿ ಎಂದು ಕರೆ ಕೊಟ್ಟಿತ್ತು. ಒಳ್ಳೆಯ ಉಪಾಯವೇ. ಆದರೆ ನಾವೂ ಆ ಊರಿಗೆ ಪರದೇಶಿಗಳೇ ತಾನೇ.

ಒಂದು ಕೂಡುರಸ್ತೆಯಲ್ಲಿ ನಕ್ಷೆ ನೇರ ಹೋಗು ಎಂದಿತು. ನೇರ ದಾರಿ ಖಾಲಿಯಾಗಿ, ಅಚ್ಚುಕಟ್ಟಾಗಿ ಕಾಣುತ್ತಿತ್ತು. ಕೈಚೀಲ ಹಿಡಿದ ಹೆಂಗಸೊಬ್ಬಳು ಎದುರಿನಿಂದ ಓಡಿ ಬಂದು "ನೆಲ್ಜ್ಯಾ, ನೆಲ್ಜ್ಯಾ" ಎಂದಳು. ಕೂಡದು ಎಂದರ್ಥ. ನಮ್ಮ ಹಾಸ್ಟೆಲಿನ ಕಾವಲಿನ ಅಜ್ಜಿ ದಿನಕ್ಕೆ ಇಪ್ಪತ್ತು ಸಲ ಹೇಳುತ್ತಿದ್ದ ಮಾತು, ಮೂರು ವರ್ಷ ಅದನ್ನು ಕೇಳಿ ಕೇಳಿ ಸಿಟ್ಟು ಬಂದಿತ್ತು. ಅಂದು ಮಾತ್ರ ತಕ್ಷಣ ಕೇಳಿದೆವು. ಅವಳು ತೋರಿಸಿದಂತೆ ಎಡಕ್ಕೆ ತಿರುಗಿ, ಮನೆಗಳ ಹಿತ್ತಿಲ ನಡುವೆ ಸಾಗಿದೆವು. ನೇರ ದಾರಿಯಲ್ಲಿ ಏನಿತ್ತು ಎಂದು ನನಗೆ ಇಂದಿಗೂ ಗೊತ್ತಿಲ್ಲ.

ಸಂಜೆ ಆರಕ್ಕೆ ಸ್ವಲ್ಪ ಮೊದಲು ಪಿಸೊಚಿನ್ ಸೇರಿದೆವು. ನಮ್ಮ ದೇಶದ ನೂರಾರು ವಿದ್ಯಾರ್ಥಿಗಳು ಅಲ್ಲಿ ಸೇರಿದ್ದರು. ಬಸ್ಸುಗಳು ಬಂದು ಎಲ್ಲರೂ ಹೊರಡುವಾಗ ಮಾರ್ಚ್ 5.

ಈಗ ನಿಮ್ಮ ಕೊನೆಯ ಪ್ರಶ್ನೆಗೆ ಬರುತ್ತೇನೆ. ಇದನ್ನು ಅಪ್ಪಯ್ಯನ ಪರವಾಗಿ ಬರೆಯುತ್ತಿದ್ದೇನೆ. ಹೊರಡುವಾಗ ಮಧ್ಯಾಹ್ನ ಎರಡಕ್ಕೆ, ಊರಿನಲ್ಲಿ ಆಗ ಸಂಜೆ ಐದೂವರೆ, ಸಂದೇಶದ ಆಪಿನಲ್ಲಿ ನಾನಿರುವ ಜಾಗವನ್ನು ಅಪ್ಪಯ್ಯನಿಗೆ ಎಂಟು ಗಂಟೆಯ ಕಾಲ ಕಾಣುವಂತೆ ಹಂಚಿದೆ. ನಮ್ಮ ಮನೆಯಲ್ಲಿ ನೆಟ್‌ವರ್ಕ್ ಬರುವುದಿಲ್ಲ. ಸೊಪ್ಪಿನ ಬೆಟ್ಟದ ನೆತ್ತಿಯಲ್ಲಿ ಒಂದು ಬಂಡೆ ಇದೆ, ಅಲ್ಲಿ ಮಾತ್ರ ಎರಡು ಕಡ್ಡಿ ಸಿಗುತ್ತದೆ. ಅಪ್ಪಯ್ಯ ಕಂಬಳಿ ಹೊದ್ದು, ಬ್ಯಾಟರಿ ದೀಪ ಹಿಡಿದು ಅಲ್ಲಿ ಹೋಗಿ ಕುಳಿತರು. ಚುಕ್ಕೆ ಸರಿಯುತ್ತಿತ್ತು. ಆಮೇಲೆ ಒಂದು ಕೂಡುರಸ್ತೆಯಲ್ಲಿ ನಿಂತಿತು. ನನ್ನ ಸರದಿ ಮುಗಿದು ಮೊಬೈಲ್ ಬಂದ್ ಮಾಡಿದ್ದೆ ಅಷ್ಟೇ. ಅದು ಅವರಿಗೆ ಹೇಗೆ ತಿಳಿಯಬೇಕು? ಟಿವಿಯಲ್ಲಿ ಆರು ಗಂಟೆಯ ಗಡುವು ಎಂದು ಹೇಳುತ್ತಿದ್ದರು, ಊರಿನ ಲೆಕ್ಕದಲ್ಲಿ ರಾತ್ರಿ ಒಂಬತ್ತೂವರೆ. ಒಂಬತ್ತೂವರೆಗೂ ಚುಕ್ಕೆ ಅಲ್ಲಿಯೇ ಇತ್ತು. ನಾನು ತಲುಪಿ ಕಳಿಸಿದ ಸಂದೇಶ ಹೋಗದೆ ನನ್ನ ಮೊಬೈಲಿನಲ್ಲಿಯೇ ಕುಳಿತಿತ್ತು. ರಾತ್ರಿ ಒಂದೂವರೆಗೆ ಎಂಟು ಗಂಟೆ ಮುಗಿದು ಹಂಚಿಕೆ ತಾನಾಗಿ ನಿಂತಿತು. ಚುಕ್ಕೆಯೇ ಇಲ್ಲ.

ಬೆಳಗಾದ ಮೇಲೆ ನನ್ನ ಸಂದೇಶ ಸೇರುವವರೆಗೆ ಅವರು ಬಂಡೆಯಿಂದ ಇಳಿಯಲಿಲ್ಲ. ಆಯಿಗೆ, ಅಂದರೆ ಅಮ್ಮನಿಗೆ, ಏನು ಹೇಳುವುದೆಂದು ತಿಳಿಯದೆ ಇಳಿಯಲಿಲ್ಲ ಎಂದು ಚಿಕ್ಕಪ್ಪ ಆಮೇಲೆ ಹೇಳಿದರು. ಅಪ್ಪಯ್ಯ ಸ್ವತಃ ಆ ರಾತ್ರಿಯ ಮಾತನ್ನು ಎತ್ತಿದವರಲ್ಲ.

ಆದ್ದರಿಂದ ದಿನವಿಡೀ ಜಾಗ ಹಂಚಿಕೊಳ್ಳುವ ಯೋಚನೆ ಬಿಡಿ. ನೀವು ಅಂಗಡಿಯಲ್ಲಿ ಸಕ್ಕರೆ ತೂಗುವಾಗ ಚುಕ್ಕೆ ನಿಂತರೆ ತೂಕವೂ ತಪ್ಪುತ್ತದೆ, ಎದೆಯೂ ತಪ್ಪುತ್ತದೆ. ದಿನಕ್ಕೆ ಎರಡು ಸಲ, ಗೊತ್ತುಪಡಿಸಿದ ಹೊತ್ತಿಗೆ "ಇದ್ದೇನೆ" ಎಂದು ಒಂದು ಸಾದಾ ಎಸ್ಸೆಮ್ಮೆಸ್. ಇಂಟರ್ನೆಟ್ ಒದ್ದಾಡುವಾಗಲೂ ಅದು ಹಲವು ಸಲ ದಾಟುತ್ತದೆ. ಒಂದು ಹೊತ್ತು ತಪ್ಪಿದರೆ ಗಾಬರಿಯಾಗುವುದಿಲ್ಲ ಎಂದು ಮೊದಲೇ ಇಬ್ಬರೂ ಮಾತು ಮಾಡಿಕೊಳ್ಳಿ.

ಬೈತಖೋಲ_ಸುಕಾಣಿ

ಮಗಳೇ, ನಿನ್ನ ಬರಹ ಓದಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ.

ನಾನು ಹೇಳುವುದು ನೀರಿನ ಮೇಲಿನ ಕಥೆ. ವ್ಯಾಪಾರಿ ಹಡಗುಗಳಲ್ಲಿ ಚುಕ್ಕಾಣಿ ಹಿಡಿಯುವ ಸುಕಾಣಿಯಾಗಿದ್ದು ನಿವೃತ್ತನಾಗಿದ್ದೇನೆ. ಈಗ ಅಳಿಯ ಎಣ್ಣೆ ಹಡಗಿನಲ್ಲಿದ್ದಾನೆ. 2025ರ ಜೂನ್‌ನಲ್ಲಿ ಇಸ್ರೇಲ್ ಮತ್ತು ಇರಾನಿನ ಜಗಳದ ದಿನಗಳಲ್ಲಿ ಹೊರ್ಮುಜ್ ಜಲಸಂಧಿಯ ಆಚೀಚೆ ನೂರಾರು ಹಡಗುಗಳ ಜಿಪಿಎಸ್ ಕೆಟ್ಟಿತ್ತು. ಅಳಿಯನ ಹಡಗು ಮರಳುಗಾಡಿನ ನಡುವೆ ನಿಂತಿದೆ ಎಂದು ಪರದೆಯಲ್ಲಿ ತೋರಿಸಿತಂತೆ, ಸುತ್ತ ಹತ್ತಾರು ಹಡಗುಗಳು ಅದೇ ಮರಳಿನ ಮೇಲೆ ವೃತ್ತಾಕಾರವಾಗಿ. ಕ್ಯಾಪ್ಟನ್ ಆ ಪರದೆಯ ಮೇಲೆ ಟವೆಲ್ ಹಾಕಿ, ರಾಡಾರ್ ನೋಡಿ, ಹೊರಗೆ ಇಬ್ಬರನ್ನು ದುರ್ಬೀನು ಕೊಟ್ಟು ನಿಲ್ಲಿಸಿದರಂತೆ. ಆ ವಾರವೇ, ಜೂನ್ 17ರಂದು, ಅದೇ ಕಡಲಿನಲ್ಲಿ ಫ್ರಂಟ್ ಈಗಲ್ ಮತ್ತು ಅಡಲಿನ್ ಎಂಬ ಎರಡು ಎಣ್ಣೆ ಹಡಗುಗಳು ಡಿಕ್ಕಿ ಹೊಡೆದು ಬೆಂಕಿ ಹತ್ತಿತು. ದಾರಿಯ ಅಂದಾಜು ತಪ್ಪಿದ್ದರಿಂದ ಹಾಗಾಯಿತು ಎಂದು ಯುಎಇ ಸರಕಾರ ಹೇಳಿತು. ನಾನು ಅಲ್ಲಿರಲಿಲ್ಲ, ಹೆಚ್ಚು ಹೇಳಲಾರೆ.

ಉಪಗ್ರಹದ ಈ ಸಂಕೇತ ಬರುವುದು 20,000 ಕಿಲೋಮೀಟರ್ ಮೇಲಿನಿಂದ. ನೆಲಕ್ಕೆ ತಲುಪುವ ಹೊತ್ತಿಗೆ ಅದರಲ್ಲಿ ಉಸಿರೇ ಉಳಿದಿರುವುದಿಲ್ಲ. ಹತ್ತಿರದಲ್ಲಿ ಯಾರಾದರೂ ಅದೇ ಧಾಟಿಯಲ್ಲಿ ಜೋರಾಗಿ ಕೂಗಿದರೆ ಯಂತ್ರ ಆ ಕೂಗನ್ನೇ ನಂಬುತ್ತದೆ. ಸಂಕೇತ ಇಲ್ಲ ಎಂದು ಯಂತ್ರ ಹೇಳಿದರೆ ಅಪಾಯ ಕಡಿಮೆ, ನಾವು ಎಚ್ಚರಾಗುತ್ತೇವೆ. ಸುಳ್ಳು ಜಾಗವನ್ನು ಧೈರ್ಯವಾಗಿ ತೋರಿಸುತ್ತದಲ್ಲ, ಅದು ಕೇಡು. ಕಿರಾಣಿಯವರೇ, ನಿಮ್ಮ ತಂಗಿ ಅದೃಷ್ಟವಂತೆ. ಅಡುಗೆ ಕೋಣೆಯಲ್ಲಿದ್ದವಳನ್ನು ಬೈರೂತಿಗೆ ಒಯ್ದರೆ ಯಾರಿಗಾದರೂ ಸುಳ್ಳು ಎಂದು ತಿಳಿಯುತ್ತದೆ. ಎರಡು ಬೀದಿ ಆಚೆ ಒಯ್ದಿದ್ದರೆ?

ನನ್ನ ಅಪ್ಪ ಬೈತಖೋಲದಿಂದ ದೋಣಿ ಬಿಡುತ್ತಿದ್ದ ಕಾಲದಲ್ಲಿ ಯಂತ್ರವೇ ಇರಲಿಲ್ಲ. ಹಗಲು ಕೂರ್ಮಗಡ ದ್ವೀಪ ಯಾವ ಗುಡ್ಡಕ್ಕೆ ಮರೆಯಾಗುತ್ತದೆ ಎಂದು ನೋಡುವುದು, ರಾತ್ರಿ ದೇವಗಡದ ದೀಪ. ಎರಡು ಗುರುತು ಒಂದೇ ಸಾಲಿಗೆ ಬಂದರೆ ಒಂದು ಗೆರೆ. ಬೇರೆ ಎರಡು ಗುರುತು ಸಾಲಿಗೆ ಬಂದರೆ ಇನ್ನೊಂದು ಗೆರೆ. ಎರಡು ಗೆರೆ ಕೂಡಿದಲ್ಲಿ ಬಲೆ. ಈಗಿನ ಹುಡುಗರು ಮಂಜು ಮುಸುಕಿದರೂ ಪರದೆ ನೋಡಿಕೊಂಡೇ ಬಂದರಿಗೆ ಬರುತ್ತಾರೆ, ಅದು ತಪ್ಪೆಂದು ನಾನು ಹೇಳುವುದಿಲ್ಲ; ನಮ್ಮಪ್ಪನಿಗೆ ಅದು ಸಿಕ್ಕಿದ್ದರೆ ಅವನೂ ನೋಡುತ್ತಿದ್ದ. ತಂಗಿಗೆ ಹೇಳಿ, ಮನೆಯ ಕಿಟಕಿಯಿಂದ, ಅಂಗಡಿಯ ಬಾಗಿಲಿನಿಂದ, ಬಸ್ ನಿಲ್ದಾಣದಿಂದ ಕಣ್ಣಿಗೆ ಕಾಣುವ ಎರಡೆರಡು ಗುರುತು ಹಿಡಿದುಕೊಳ್ಳಲಿ. ಹೈಫಾ ಬಂದರು ನನಗೆ ಗೊತ್ತು. ನಮ್ಮ ಕಾರವಾರದ ಹಾಗೆಯೇ, ಬೆನ್ನಿಗೆ ಗುಡ್ಡ, ಇಳಿಜಾರು ಹಿಡಿದರೆ ಕಡಲು.

ಕುಮಟಾ_ಮಾಸ್ತರ

ಒಂದು ಮಾತು ಸೇರಿಸುತ್ತೇನೆ. ನಕ್ಷೆ ನಮಗೆ ದಾರಿ ತೋರಿಸುವಾಗ ನಮ್ಮನ್ನೂ ಬೇರೆಯವರಿಗೆ ತೋರಿಸುತ್ತಿರುತ್ತದೆ.

2022ರ ಫೆಬ್ರವರಿ 24ರಂದು ಯುದ್ಧದ ಘೋಷಣೆ ಬರುವ ಮೊದಲೇ, ನಸುಕಿನ ಮೂರೂಕಾಲರ ಹೊತ್ತಿಗೆ ರಷ್ಯಾದ ಬೆಲ್ಗೊರೊಡ್‌ನಿಂದ ಗಡಿಗೆ ಹೋಗುವ ರಸ್ತೆಯಲ್ಲಿ ವಾಹನ ದಟ್ಟಣೆ ಇರುವುದನ್ನು ಗೂಗಲ್ ನಕ್ಷೆಯಲ್ಲಿ ಕಂಡವರು ಕ್ಯಾಲಿಫೋರ್ನಿಯಾದಲ್ಲಿ ಕುಳಿತಿದ್ದ ಜೆಫ್ರಿ ಲೂಯಿಸ್ ಎಂಬ ಪ್ರಾಧ್ಯಾಪಕರು. ಕೂಸಿನ ಹಾಸ್ಟೆಲಿನ ಕಿಟಕಿ ನಡುಗುವ ಮೊದಲೇ ಅದು ಯಾರದೋ ಪರದೆಯಲ್ಲಿ ಕೆಂಪು ಗೆರೆಯಾಗಿತ್ತು. ಬಹುಶಃ ಆ ಸಂಕೇತ ಟ್ಯಾಂಕುಗಳದ್ದಲ್ಲ, ಅವುಗಳಿಂದಾಗಿ ರಸ್ತೆಯಲ್ಲಿ ತಡೆದು ನಿಲ್ಲಿಸಲಾದ ಸಾಮಾನ್ಯ ಜನರ ಮೊಬೈಲುಗಳದ್ದು. ಕೆಲವೇ ದಿನಗಳಲ್ಲಿ ಗೂಗಲ್ ಉಕ್ರೇನಿನಲ್ಲಿ ದಟ್ಟಣೆ ತೋರಿಸುವುದನ್ನು ನಿಲ್ಲಿಸಿತು. 2023ರ ಅಕ್ಟೋಬರಿನಲ್ಲಿ ಇಸ್ರೇಲ್ ಮತ್ತು ಗಾಜಾದಲ್ಲಿಯೂ ನಿಲ್ಲಿಸಿತು. ಎಲ್ಲಿ ಜನ ಗುಂಪುಗೂಡಿದ್ದಾರೆ ಎಂದು ತಿಳಿಯದಿರುವುದು ಒಳ್ಳೆಯದೇ. ಆದರೆ ನಿರ್ದಿಷ್ಟ ಜಾಗಕ್ಕೆ ದಾರಿ ಕೇಳದೆ ಬರೀ ನಕ್ಷೆ ನೋಡಿದರೆ ಓಡುವವರಿಗೂ ಆ ಕೆಂಪು ಗೆರೆ ಸಿಗದೆ ಹೋಯಿತು.

ಗಾಜಾದ ಜನರ ಪಾಡು ಇನ್ನೂ ವಿಚಿತ್ರ. 2023ರ ಡಿಸೆಂಬರ್ 1ರಂದು ಇಸ್ರೇಲಿ ಸೈನ್ಯ ಇಡೀ ಗಾಜಾವನ್ನು 600ಕ್ಕೂ ಹೆಚ್ಚು ಸಂಖ್ಯೆಯ ತುಂಡುಗಳಾಗಿ ಗುರುತಿಸಿದ ನಕ್ಷೆಯನ್ನು ಹೊರಡಿಸಿತು. ಇಂತಿಂಥ ಸಂಖ್ಯೆಯವರು ಜಾಗ ಖಾಲಿ ಮಾಡಿ ಎಂದು ಆದೇಶ. ನಕ್ಷೆ ತೆರೆಯಲು ಸೈನ್ಯ ಹಂಚಿದ ಚೀಟಿಯ ಮೇಲಿನ ಕ್ಯೂಆರ್ ಗುರುತನ್ನು ಮೊಬೈಲಿಗೆ ತೋರಿಸಬೇಕು. ಕರೆಂಟ್ ಇಲ್ಲ, ಇಂಟರ್ನೆಟ್ ಬಂದರೆ ಬಂತು. ಹುಟ್ಟಿ ಬೆಳೆದ ಓಣಿಗೆ ಒಂದೇ ದಿನದಲ್ಲಿ ಸಂಖ್ಯೆಯ ಹೆಸರು. ನಾನು ಮೂವತ್ತು ವರ್ಷ ಭೂಗೋಳ ಕಲಿಸಿದವನು. ಮಕ್ಕಳಿಗೆ ನಕ್ಷೆಯಲ್ಲಿ ನಿಮ್ಮ ಮನೆ ಗುರುತಿಸಿ ಎಂದು ಎಷ್ಟು ಸಲ ಹೇಳಿದ್ದೇನೋ. ಆ ವಾಕ್ಯ ಹೀಗೂ ಬಳಕೆಯಾಗಬಹುದು ಎಂದು ಎಣಿಸಿರಲಿಲ್ಲ.

ಅಂಕೋಲೆ_ಟೆಂಪೊ

ನಾನು ಹಗುರಾಗಿ ಬರೆದದ್ದು ತಪ್ಪಾಯಿತು. ದನದ ದಾರಿಯಲ್ಲಿ ಸಿಕ್ಕಿಬಿದ್ದ ದಿನವೂ ನನ್ನನ್ನು ಹೊರಗೆ ತಂದದ್ದು ಸೊಪ್ಪು ಹೊರುತ್ತಿದ್ದ ಒಬ್ಬ ಹಾಲಕ್ಕಿ ಅಜ್ಜಿ. ಅದನ್ನು ಮೊದಲು ಹೇಳಲು ನಾಚಿಕೆಯಾಗಿತ್ತು.

ಕೋಡಿಬಾಗ_ಕಿರಾಣಿ

ಎಲ್ಲರಿಗೂ ಕೈಮುಗಿದೆ. ಕೂಸೇ, ನಿನ್ನ ಅಪ್ಪಯ್ಯನಿಗೆ ನನ್ನ ನಮಸ್ಕಾರ ತಿಳಿಸು. ಕಾರವಾರಕ್ಕೆ ಬಂದರೆ ಅಂಗಡಿಗೆ ಬರಬೇಕು ಎಂದು ಹೇಳು.

ನಿನ್ನೆ ರಾತ್ರಿ ತಂಗಿಗೆ ಇದನ್ನೆಲ್ಲ ಓದಿ ಹೇಳಿದೆ. ಬೆಳಿಗ್ಗೆ ಎರಡೂ ಮನೆಯ ಸಮಯಕ್ಕೆ ಹೊಂದುವಂತೆ ದಿನಕ್ಕೆರಡು ಎಸ್ಸೆಮ್ಮೆಸ್ ಎಂದು ಗೊತ್ತುಮಾಡಿಕೊಂಡೆವು. ಇಂದು ಮಧ್ಯಾಹ್ನ ಅವಳು ಒಂದು ಕಾಗದದ ಫೋಟೊ ಕಳಿಸಿದ್ದಾಳೆ. ಕನ್ನಡದಲ್ಲಿ ಬರೆದು, ಮನೆಯವರಿಗೆ ತಿಳಿಯಲೆಂದು ಪಕ್ಕದಲ್ಲಿ ಹೀಬ್ರೂವಿನಲ್ಲಿಯೂ ಬರೆದಿದ್ದಾಳೆ. ನಕ್ಷೆ ನಾಲ್ಕು ನಿಮಿಷ ಎಂದಿದ್ದ ಆಶ್ರಯ ತಾಣಕ್ಕೆ ಅಜ್ಜಿಯನ್ನು ಗಾಲಿಕುರ್ಚಿಯಲ್ಲಿ ಕೂರಿಸಿ ನಿಜವಾಗಿ ತಳ್ಳಿಕೊಂಡು ಹೋಗಿ ನೋಡಿದಳಂತೆ. ದಾರಿಯಲ್ಲಿ ಎರಡು ಕಡೆ ಮೆಟ್ಟಿಲು, ಒಂದು ಕಡೆ ಕಾರು ನಿಲ್ಲಿಸಿದ್ದರು. ಹನ್ನೊಂದು ನಿಮಿಷವಾಯಿತು. ಆ ಸಾಲಿಗೆ ಪೆನ್ನಿನಿಂದ ಅಡ್ಡಗೆರೆ ಎಳೆದಿದ್ದಾಳೆ.

ಕೆಳಗೆ ಇನ್ನೊಂದು ಸಾಲು. ಕಟ್ಟಡದ ಒಳಮೆಟ್ಟಿಲಿನ ಬಳಿ, ತಲೆಯ ಮೇಲೆ ಇನ್ನೂ ಎರಡು ಅಂತಸ್ತು ಇರುವ ಜಾಗ. ಭದ್ರ ಕೋಣೆ ಇಲ್ಲದವರು ಅಲ್ಲಿ ಸೇರಬೇಕೆಂದು ಅಲ್ಲಿನ ನಿಯಮವಂತೆ. ಮಂಚದಿಂದ ಅಲ್ಲಿಗೆ ಮೊದಲ ಸಲ 70 ಸೆಕೆಂಡ್. ಬಾಗಿಲ ಪಕ್ಕದ ಚಪ್ಪಲಿ ಗೂಡನ್ನು ತೆಗೆದ ಮೇಲೆ 52. ಅಜ್ಜಿಯೇ ಕೈಗಡಿಯಾರ ಹಿಡಿದು ಸಮಯ ನೋಡುತ್ತಿದ್ದರಂತೆ. 52 ಎಂದಾಗ ತಂಗಿ ಏದುಸಿರು ಬಿಡುತ್ತ ಕುಳಿತಳಂತೆ, ಅಜ್ಜಿ ಮಾತ್ರ ಗಡಿಯಾರದಿಂದ ಕಣ್ಣೆತ್ತದೆ "ಇನ್ನೊಮ್ಮೆ" ಎಂದರಂತೆ.